ದಸರೆಯಾದ ಮೇಲೆ ಶಾಲೆ ಬಿಡಿಸುವುದಾದರೆ: ಶಿರಸಿ, ಕಾರವಾರ ಕಡೆಯ ಪಾಲಕರಿಗೆ ದಾರಿಗಳ ಹೋಲಿಕೆ

ದಸರೆ ರಜೆ ಮುಗಿಯಲು ಎರಡು ದಿನ ಇದೆ ಎನ್ನುವಾಗ ನಮ್ಮ ಮಗನಿಗೆ ಹೊಟ್ಟೆನೋವು ಶುರುವಾಯಿತು. ಶಾಲೆ ಶುರುವಾದ ದಿನ ವ್ಯಾನು ಬಂದು ಹಾರ್ನ್ ಹೊಡೆದರೆ ಅವನು ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದ. ಆಗ ಅವನು ನಾಲ್ಕನೇ ತರಗತಿ. ಶಿರಸಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆ, ವ್ಯಾನಿನಲ್ಲಿ ಹೋಗಿ ಬರಲಿಕ್ಕೇ ದಿನಕ್ಕೆ ಎರಡೂವರೆ ತಾಸು. ಹದಿನೈದು ದಿನ ನೋಡಿದೆವು. ಆಮೇಲೆ ಬಿಡಿಸಿದೆವು. ಉಳಿದ ವರ್ಷ ಮನೆಯಲ್ಲೇ ಓದಿಸಿದೆವು. ಮುಂದಿನ ಜೂನ್‌ನಲ್ಲಿ ನಮ್ಮೂರ ಸರ್ಕಾರಿ ಶಾಲೆಯ ಐದನೇ ತರಗತಿಗೆ ಸೇರಿಸಿದೆವು.

ಈಗ ಅಕ್ಕಪಕ್ಕದವರು, ನೆಂಟರ ಪೈಕಿಯವರು ಆಗಾಗ ಫೋನ್ ಮಾಡುತ್ತಾರೆ. "ನಿಂಗವು ಹೆಂಗೆ ಮಾಡಿದ್ರಿ?" ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಒಂದು ತಾಸು ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ. ನಾವು ಆಗ ಮಾಡಿದ ದೊಡ್ಡ ತಪ್ಪು ಇದು. "ಶಾಲೆಯೋ, ಮನೆಯೋ" ಅಂತ ಎರಡೇ ಆಯ್ಕೆ ಇಟ್ಟುಕೊಂಡು ತಲೆಕೆಡಿಸಿಕೊಂಡೆವು. ನಡುವೆ ಇನ್ನೂ ಎರಡು ಮೂರು ದಾರಿ ಇದ್ದವು. ಅವನ್ನು ನೋಡಲೇ ಇಲ್ಲ.

ಮೊದಲು ಮಗು ಯಾವ ತರಗತಿ, ಅದನ್ನು ಹೇಳಿ

ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ. ಮಗು ಒಂದರಿಂದ ನಾಲ್ಕರ ಒಳಗೆ ಇದ್ದರೆ ಅರ್ಧ ವರ್ಷ ಮನೆಯಲ್ಲಿ ಕಳೆದರೂ ದೊಡ್ಡ ನಷ್ಟವಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗು ನಡುವೆ ಶಾಲೆ ಬಿಟ್ಟಿದ್ದರೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದರ 4ನೇ ಕಲಮು ಹೇಳುತ್ತದೆ. ಅಂದರೆ ಎಂಟನೇ ತರಗತಿಯವರೆಗೆ ವಾಪಸ್ ಬರುವ ಬಾಗಿಲು ತೆರೆದೇ ಇರುತ್ತದೆ.

ಐದನೇ ತರಗತಿಯಾದರೆ ಸ್ವಲ್ಪ ನಿಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಮುಂಡಗೋಡಿನಲ್ಲಿದೆ. ಅದರ ಆರನೇ ತರಗತಿಯ ಪ್ರವೇಶ ಪರೀಕ್ಷೆ ಬರೆಯಲು ಮಗು ಇದೇ ಜಿಲ್ಲೆಯ ಮಾನ್ಯತೆ ಇರುವ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಹಳ್ಳಿ ಮಕ್ಕಳ ಪಾಲಿನ ಸೀಟು ಬೇಕೆಂದರೆ 3, 4, 5 ಮೂರೂ ವರ್ಷ ಹಳ್ಳಿಯ ಶಾಲೆಯಲ್ಲಿ ಪೂರ್ತಿ ಓದಿರಬೇಕು. ಅಲ್ಲಿಯ ಸೀಟಿನಲ್ಲಿ ಕಡಿಮೆಯೆಂದರೂ ಶೇ. 75 ಹಳ್ಳಿ ಮಕ್ಕಳಿಗೇ ಇರುವುದರಿಂದ ಇದು ಸಣ್ಣ ಮಾತಲ್ಲ. ನವೋದಯದ ಆಸೆಯೇ ಇಲ್ಲ ಎನ್ನುವವರು ಇದನ್ನು ಬಿಟ್ಟು ಮುಂದೆ ಓದಿ.

ಒಂಬತ್ತು, ಹತ್ತು ಬಂತೆಂದರೆ ಲೆಕ್ಕವೇ ಬೇರೆ. ಕಾಯ್ದೆಯ ಆಸರೆ 14ಕ್ಕೆ ಮುಗಿಯುತ್ತದೆ. ಆಮೇಲೆ ಶಾಲೆ ಬಿಡಿಸುವ ಮೊದಲೇ ಯಾವ ಪರೀಕ್ಷೆ ಬರೆಸುತ್ತೀರಿ ಎಂಬುದು ಕೈಯಲ್ಲಿರಬೇಕು. ಅದನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ.

ಏಪ್ರಿಲ್‌ವರೆಗೆ ಹೇಗೋ ಎಳೆಯುವುದು

ಎಲ್ಲರೂ ಮೊದಲು ಕೊಡುವ ಸಲಹೆ ಇದು. "ಇನ್ನೆಷ್ಟು, ಆರು ತಿಂಗಳು. ಕಟ್ಟಿದ ಫೀ ದಂಡ ಆಗ್ತು." ಮಗುವಿಗೆ ಶಾಲೆ ಬೇಜಾರು ಅಷ್ಟೇ ಆಗಿದ್ದರೆ ಇದು ಒಳ್ಳೆಯ ಸಲಹೆಯೇ. ದೂರ ಜಾಸ್ತಿಯಾದರೆ ವ್ಯಾನು ಬದಲಿಸಬಹುದು. ಒಬ್ಬ ಹುಡುಗನ ಕಾಟವಾದರೆ ಸೆಕ್ಷನ್ ಬದಲಿಸಲು ಕೇಳಬಹುದು. ಹೋಮ್‌ವರ್ಕ್ ಕಡಿಮೆ ಮಾಡಿ ಎಂದು ಬರೆದುಕೊಡಬಹುದು. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ.

ಆದರೆ ಮಗು ಊಟ ಬಿಟ್ಟಿದ್ದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಹೊಡೆದ ಗುರುತು ಕಂಡರೆ ಫೀ ಲೆಕ್ಕ ಹಾಕುತ್ತಾ ಕೂರಬೇಡಿ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ಅದೇ ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ನಮ್ಮ ಮಗನದು ಹೊಡೆತದ ವಿಷಯವಾಗಿರಲಿಲ್ಲ. ತರಗತಿಯಲ್ಲಿ ಕನ್ನಡ ಮಾತಾಡಿದರೆ ಹೆಸರು ಬರೆದು ನಿಲ್ಲಿಸುತ್ತಿದ್ದರು, ಅಷ್ಟೇ. ಅಷ್ಟೇ ಅಂತ ನಾನು ಈಗ ಬರೆಯುತ್ತೇನೆ. ಅವನಿಗೆ ಅದು ಅಷ್ಟೇ ಆಗಿರಲಿಲ್ಲ.

ಊರ ಶಾಲೆಗೆ ಹಾಕುವುದು

ನನ್ನನ್ನು ಕೇಳಿದರೆ ಹತ್ತರಲ್ಲಿ ಆರು ಮನೆಗೆ ಇದೇ ಸರಿಯಾದ ದಾರಿ. ಎಲ್ಲಕ್ಕಿಂತ ಕಡಿಮೆ ಜನ ಯೋಚಿಸುವುದೂ ಇದನ್ನೇ.

ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಹತ್ತು ಹನ್ನೆರಡು ಮಕ್ಕಳ ಸರ್ಕಾರಿ ಶಾಲೆಗಳು ಎಷ್ಟೋ ಇವೆ. ಮಕ್ಕಳಿಲ್ಲ ಎಂದು ಮುಚ್ಚುವ ಭಯದಲ್ಲಿರುವ ಶಾಲೆಗೆ ನಡುವರ್ಷದಲ್ಲಿ ಒಂದು ಮಗು ಬಂದರೆ ಅಕ್ಕೋರು (ಟೀಚರ್) ಬೇಡ ಅನ್ನುವುದಿಲ್ಲ. ಕಾನೂನೂ ಹಾಗೇ ಇದೆ. ಟಿಸಿ ಬರುವುದು ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. ಹಳೆ ಶಾಲೆಯ ಮುಖ್ಯಸ್ಥರು ಟಿಸಿಯನ್ನು ಕೂಡಲೇ ಕೊಡಬೇಕು ಎಂದೂ 5ನೇ ಕಲಮು ಹೇಳುತ್ತದೆ.

ಮನೆಶಾಲೆಯ ಬಗ್ಗೆ ಓದಿಕೊಂಡವರು ಹೇಳುವ ಆಸೆಗಳನ್ನು ಒಮ್ಮೆ ನೋಡಿ. ಸಣ್ಣ ಗುಂಪು ಬೇಕು. ಮಗು ತನ್ನ ವೇಗದಲ್ಲಿ ಕಲಿಯಬೇಕು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂರಬೇಕು. ಪರೀಕ್ಷೆಯ ಹೆದರಿಕೆ ಇರಬಾರದು. ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ನಲಿಕಲಿ ಪದ್ಧತಿಯಲ್ಲಿ ಇರುವುದು ಹೆಚ್ಚುಕಡಿಮೆ ಇದೇ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ಶುರುವಾದದ್ದು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಎಲ್ಲ ಅಕ್ಕೋರ ಮೇಲೆ ನಿಂತಿದೆ. ಒಂದು ದಿನ ಬೆಳಿಗ್ಗೆ ಹೋಗಿ ಒಂದು ತಾಸು ಸುಮ್ನೆ ಕೂತು ನೋಡಿ ಬನ್ನಿ. ಗೊತ್ತಾಗಿಬಿಡುತ್ತದೆ.

ಕಾರವಾರದ ಕಡೆ ಈ ದಾರಿ ಇನ್ನೂ ಸಲೀಸು. ಕೈಗಾದ ನೌಕರರು, ಅರಗಾದ ನೌಕಾನೆಲೆಯವರು ಅಂತ ವರ್ಷವಿಡೀ ವರ್ಗಾವಣೆ ಇದ್ದೇ ಇರುತ್ತದೆ. ನವೆಂಬರ್‌ನಲ್ಲಿ ಹೊಸ ಮಗು ತರಗತಿಗೆ ಬಂದರೆ ಅಲ್ಲಿ ಯಾರೂ ಕತ್ತು ತಿರುಗಿಸಿ ನೋಡುವುದಿಲ್ಲ. ನಮ್ಮಲ್ಲಿ ಮಾತ್ರ ಇಡೀ ಕೇರಿಗೆ ಸುದ್ದಿ.

ಇದರ ತೊಂದರೆ ಎರಡು. ಇಂಗ್ಲಿಷ್ ಮೀಡಿಯಂನಿಂದ ಬಂದ ಮಗುವಿಗೆ ಕನ್ನಡದಲ್ಲಿ ಗಣಿತ, ಪರಿಸರ ಓದಲು ಒಂದೆರಡು ತಿಂಗಳು ಬೇಕು. ನಮ್ಮವನಿಗೆ "ಛೇದ", "ಅಂಶ" ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಇನ್ನೊಂದು, ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕಿನಡಿ ಸಿಕ್ಕ ಪುಕ್ಕಟೆ ಸೀಟು ನಿಮ್ಮದಾಗಿದ್ದರೆ, ಬಿಟ್ಟ ಮೇಲೆ ಅದು ಮತ್ತೆ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ.

ಟಿಸಿ ತಂದು ಮನೆಯಲ್ಲಿ ಓದಿಸುವುದು

ಕಾನೂನಿನ ಮಾತು ಮೊದಲು. 6ರಿಂದ 14ರ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಕಾಯ್ದೆಯ 10ನೇ ಕಲಮು ಹೇಳುತ್ತದೆ. ಸೇರಿಸದ ಪಾಲಕರಿಗೆ ದಂಡ, ಶಿಕ್ಷೆ ಎಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮನೆಶಾಲೆ ಎಂಬ ಮಾತೂ ಅದರಲ್ಲಿಲ್ಲ. ಹಾಗಾಗಿ ಅರ್ಜಿ ಕೊಟ್ಟು ಅನುಮತಿ ತರುವ ಕಚೇರಿಯೂ ಇಲ್ಲ. ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೇಳಿದರೆ "ಹಾಗೆಲ್ಲ ಇಲ್ಲ, ಶಾಲೆಗೆ ಹಾಕಿ" ಅನ್ನುತ್ತಾರೆ. ಅವರ ಕಡೆಯಿಂದ ಅದೇ ಸರಿ.

ಕಾಗದದ ಮೇಲೆ ಏನಾಗುತ್ತದೆ ಅಂದರೆ, ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರ್ ಇದೆ. ಟಿಸಿ ಕೊಟ್ಟ ಮೇಲೆ ಬೇರೆ ಶಾಲೆ ಆ ನಂಬರನ್ನು ತನ್ನ ಕಡೆ ಎಳೆದುಕೊಳ್ಳದಿದ್ದರೆ ನಿಮ್ಮ ಮಗು ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ ಹೋಗುತ್ತದೆ. ನಮ್ಮ ಮನೆಗೆ ಡಿಸೆಂಬರ್‌ನಲ್ಲಿ ಸಿಆರ್‌ಪಿ (ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಫೋನ್ ಮಾಡಿದರು. ನಾನು ಹೆದರಿ ಏನೇನೋ ಹೇಳಿದೆ. ಹೆದರುವ ಅಗತ್ಯವೇ ಇರಲಿಲ್ಲ. ಮಗು ಏನು ಓದುತ್ತಿದೆ, ಯಾವಾಗ ವಾಪಸ್ ಸೇರಿಸುತ್ತೀರಿ ಎಂದಷ್ಟೇ ಕೇಳಿದರು. ಮಗುವಿನ ನೋಟ್‌ಬುಕ್‌ಗಳನ್ನು ತಾರೀಖು ಹಾಕಿ ಇಟ್ಟಿದ್ದರೆ ಅದನ್ನೇ ತೋರಿಸಬಹುದು. ದುಡಿಸಲು ಬಿಡಿಸಿದ್ದಾರೋ, ಓದಿಸಲು ಬಿಡಿಸಿದ್ದಾರೋ ಎಂದು ಅವರು ನೋಡಲೇಬೇಕಲ್ವಾ?

ಇನ್ನು ಮನೆಯ ಮಾತು. ನಾವು ಬಿಡಿಸಿದ ತಿಂಗಳೇ ತಪ್ಪಾಗಿತ್ತು. ದಸರೆ ಮುಗಿದು ದೀಪಾವಳಿ ಬಂತು, ಅದರ ಬೆನ್ನಿಗೆ ಅಡಿಕೆಯ ಕೊನೆ ಕೊಯ್ಲು ಶುರು. ಮನೆ ತುಂಬ ಜನ, ಅಂಗಳದ ತುಂಬ ಅಡಿಕೆ, ಒಲೆಯ ಮೇಲೆ ಹಂಡೆ. ಹತ್ತು ಗಂಟೆಗೆ ಪಾಠ ಎಂದು ಗೋಡೆಗೆ ಅಂಟಿಸಿದ ವೇಳಾಪಟ್ಟಿ ಒಂದು ವಾರವೂ ನಡೆಯಲಿಲ್ಲ. ಮಗ ಖುಷಿಯಾಗಿದ್ದ, ನಿಜ. ಸುಲಿದ ಅಡಿಕೆ ಹೊತ್ತ, ಕೆಲಸಕ್ಕೆ ಬಂದವರ ಮಕ್ಕಳ ಜೊತೆ ಆಡಿದ, ಹೊಟ್ಟೆನೋವು ಹೋಯಿತು. ಆದರೆ ಜನವರಿ ಕೊನೆಯವರೆಗೆ ಅವನು ಪುಸ್ತಕ ಬಿಚ್ಚಿದ್ದು ಲೆಕ್ಕಕ್ಕಿಲ್ಲ. ತೋಟದ ಮನೆಯವರು ಮನೆಶಾಲೆ ಮಾಡುವುದಾದರೆ ಮಳೆಗಾಲದಲ್ಲಿ ಶುರು ಮಾಡಿ. ಕರಾವಳಿಯ ಮೀನುಗಾರರ ಮನೆಯಲ್ಲೂ ಹೀಗೇ ಒಂದು ಲೆಕ್ಕ ಇದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಅಪ್ಪ ಮನೆಯಲ್ಲಿ ಇರುತ್ತಾನೆ. ಉಳಿದ ತಿಂಗಳು ಯಾರು ಕೂರುತ್ತಾರೆ? ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಬೇರೆ ಕೆಲಸವಿಲ್ಲದ ಒಬ್ಬ ದೊಡ್ಡವರು ಮನೆಯಲ್ಲಿ ಇಲ್ಲ ಎಂದಾದರೆ ಈ ದಾರಿ ಬೇಡ. ಆನ್‌ಲೈನ್ ಕ್ಲಾಸಿನ ಭರವಸೆ ಇಟ್ಟುಕೊಳ್ಳಬೇಡಿ. 2020ರಲ್ಲಿ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ್ದು ಮರೆತಿಲ್ಲ ತಾನೆ? ನಮ್ಮ ಮನೆಯಲ್ಲಿ ಈಗಲೂ ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್.

ಫೆಬ್ರವರಿಯಿಂದ ಮೇವರೆಗೆ ಮಾತ್ರ ಚೆನ್ನಾಗಿ ನಡೆಯಿತು. ಅದರ ಶ್ರೇಯ ಮಾವನಿಗೆ, ನನಗಲ್ಲ. ಅವರು ಮೊಮ್ಮಗನಿಗೆ ಶೇಕಡಾ ಲೆಕ್ಕ ಕಲಿಸಿದ್ದು ಪೇಪರಿನ ಅಡಿಕೆ ಧಾರಣೆ ಹಿಡಿದು. ರಾಶಿಗೆ ಎಷ್ಟು, ಚಾಲಿಗೆ ಎಷ್ಟು, ಬೆಟ್ಟೆಗೂ ಕೆಂಪುಗೋಟಿಗೂ ಎಷ್ಟು ವ್ಯತ್ಯಾಸ, ನೂರು ರೂಪಾಯಿ ಇಳಿದರೆ ಮೂರು ಕ್ವಿಂಟಲಿಗೆ ಎಷ್ಟು ಹೋಯಿತು. ಹುಡುಗ ತಪ್ಪು ಹೇಳಿದರೆ ಮಾವ "ಹಂಗಾದ್ರೆ ನಮ್ಮನೆ ಮುಳುಗ್ತು" ಅನ್ನುತ್ತಿದ್ದರು. ಅವನು ಮತ್ತೆ ಮಾಡುತ್ತಿದ್ದ. ಇತಿಹಾಸಕ್ಕೆ ಬನವಾಸಿ, ಸೋಂದಾ ಹತ್ತಿರವೇ ಇವೆ. ಬಿರು ಬೇಸಿಗೆಯಲ್ಲಿ ಒಂದು ದಿನ ಗೋಕರ್ಣದ ಹತ್ತಿರ ಸಾಣಿಕಟ್ಟೆಗೆ ಹೋಗಿ ಉಪ್ಪಿನ ಆಗರ ತೋರಿಸಿದೆವು. ಸಮುದ್ರದ ನೀರು ಬಿಸಿಲಿಗೆ ಆರಿ ಉಪ್ಪು ಕಟ್ಟುವುದನ್ನು ಕಣ್ಣಾರೆ ಕಂಡ ಮೇಲೆ ಆವಿಯಾಗುವುದು ಅಂದರೆ ಏನು ಎಂದು ಬಿಡಿಸಿ ಹೇಳಬೇಕಾಗಲಿಲ್ಲ. ಕಾರವಾರದವರಿಗೆ ಕೋಡಿಬಾಗದ ವಿಜ್ಞಾನ ಕೇಂದ್ರ ಇದೆ, ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ಇದೆ.

ಪಠ್ಯಪುಸ್ತಕಕ್ಕೆ ತೊಂದರೆಯಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯವೂ ಪುಕ್ಕಟೆ ಸಿಗುತ್ತವೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳ ಪುಸ್ತಕ ಸಿಗುತ್ತವೆ. ಹೋಗುವುದು ಬೇರೆ ಸಣ್ಣಪುಟ್ಟವು. ಬಿಸಿಯೂಟ, ಹಾಲು ಇಲ್ಲ. ಗಂಡುಮಗುವಾದರೆ ವಿದ್ಯಾರ್ಥಿ ಬಸ್ ಪಾಸ್ ಇಲ್ಲ. ಹೆಣ್ಣುಮಕ್ಕಳಿಗೆ ಹೇಗೂ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಗೆಳೆಯರು ಹೋಗುವುದು ಸಣ್ಣಪುಟ್ಟದ್ದಲ್ಲ. ಸಂಜೆ ಐದಕ್ಕೆ ಕೇರಿಯ ಮಕ್ಕಳು ಶಾಲೆಯಿಂದ ಬರುವುದನ್ನೇ ನಮ್ಮವನು ಗೇಟಿನ ಹತ್ತಿರ ಕಾಯುತ್ತಿದ್ದ. ಊರ ಶಾಲೆಗೆ ಹಾಕೋಣ ಎಂದು ನನಗೆ ಹೊಳೆದದ್ದು ಆ ಗೇಟು ನೋಡಿ. ಆ ಮಕ್ಕಳೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ.

ಒಂಬತ್ತು, ಹತ್ತರವರಿಗೆ

ಇಲ್ಲಿ ಎರಡು ದಾರಿ. ಒಂದು ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಇನ್ನೊಂದು ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು.

ಕಾರವಾರದಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಎನ್‌ಐಒಎಸ್ ಆಯ್ದುಕೊಂಡರು. ಅವಳ ಮಗಳಿಗೆ ಒಂಬತ್ತರಲ್ಲಿ ಕಾಮಾಲೆಯಾಗಿ ಎರಡು ತಿಂಗಳು ಹೋಯಿತು. ಹಾಜರಾತಿ ಹೋಯಿತು, ಜೊತೆಗೆ ಹುಡುಗಿಯ ಧೈರ್ಯವೂ ಹೋಯಿತು. ಎನ್‌ಐಒಎಸ್‌ನ ಹತ್ತನೇ ತರಗತಿಗೆ 14 ವರ್ಷ ತುಂಬಿದ್ದರೆ ಸಾಕು. ಐದು ವಿಷಯ ಪಾಸಾಗಬೇಕು. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ. ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಆ ಹುಡುಗಿ ಮೊದಲು ಎರಡು ವಿಷಯ ಬರೆದಳು, ಆರು ತಿಂಗಳ ಮೇಲೆ ಮೂರು. ಕಾಯಿಲೆಯ ಮಗುವಿಗೆ, ಆಟ ಅಥವಾ ಯಕ್ಷಗಾನ ಅಂತ ಹೊತ್ತು ಬೇಕಾದ ಮಗುವಿಗೆ ಹೀಗೆ ಬಿಡಿಬಿಡಿಯಾಗಿ ಬರೆಯುವುದು ದೊಡ್ಡ ಅನುಕೂಲ. ಆದರೆ ಫಾರ್ಮು, ಫೀ, ಅಸೈನ್‌ಮೆಂಟು, ಪರೀಕ್ಷಾ ಕೇಂದ್ರ ಎಲ್ಲ ನೀವೇ ನೋಡಿಕೊಳ್ಳಬೇಕು. ನೆನಪಿಸಲು ಕ್ಲಾಸ್ ಟೀಚರ್ ಇರುವುದಿಲ್ಲ. ಮುಂದೆ ಸೇರಬೇಕೆಂದಿರುವ ಪಿಯು ಕಾಲೇಜಿಗೆ ಮೊದಲೇ ಹೋಗಿ, ಯಾವ ಯಾವ ಕಾಗದ ಬೇಕು ಎಂದು ಬರೆದುಕೊಂಡು ಬನ್ನಿ.

ಚಿಕ್ಕ ಮಕ್ಕಳಿಗೂ ಎನ್‌ಐಒಎಸ್‌ನಲ್ಲಿ ಓಬಿಇ (ಮುಕ್ತ ಮೂಲ ಶಿಕ್ಷಣ) ಎಂದು ಮೂರು ಹಂತ ಇವೆ. ಮೂರು, ಐದು, ಎಂಟನೇ ತರಗತಿಗೆ ಸಮ. ವರ್ಷಗಟ್ಟಲೆ ಮನೆಯಲ್ಲೇ ಓದಿಸುವ ಯೋಚನೆ ಇದ್ದರೆ ಮಾತ್ರ ಅದರ ಗೋಜಿಗೆ ಹೋಗಿ.

ಖಾಸಗಿ ಅಭ್ಯರ್ಥಿಯ ದಾರಿಯಲ್ಲಿ ಪಠ್ಯ ನಮ್ಮದೇ, ಭಾಷೆ ನಮ್ಮದೇ, ಕೈಗೆ ಬರುವುದು ರಾಜ್ಯದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಹೈಸ್ಕೂಲಿನ ಮೂಲಕವೇ ಅರ್ಜಿ ಹಾಕಬೇಕು. 14ಕ್ಕೇ ಇಲ್ಲಿ ಬಿಡುವುದಿಲ್ಲ, ವಯಸ್ಸಿನ ಷರತ್ತು ಎನ್‌ಐಒಎಸ್‌ಗಿಂತ ಬಿಗಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಒಂದು ವಿಷಯ ಕೈಕೊಟ್ಟರೂ ವರ್ಷ ಹಾಳಾಗುವುದಿಲ್ಲ. ಆದರೂ ಆರೋಗ್ಯದ ಕಾರಣ ಇಲ್ಲದೆ ಹತ್ತನೇ ತರಗತಿಯ ನಡುವೆ ಯಾರಾದರೂ ಬಿಡಿಸುತ್ತೇವೆ ಅಂದರೆ ನಾನು ಬೇಡ ಅನ್ನುತ್ತೇನೆ. ಫೆಬ್ರವರಿವರೆಗೆ ತಡೆದುಕೊಂಡರೆ ಪಾಠವೇ ಮುಗಿಯಿತು.

ಯಾರೂ ಹೇಳದ ಮೀಸಲಾತಿಯ ಲೆಕ್ಕ

ಬೆಂಗಳೂರಿನ ಮನೆಶಾಲೆಯವರ ಸಲಹೆ ಕೇಳಿದರೆ ಇದು ಸಿಗುವುದಿಲ್ಲ, ಅವರಿಗೆ ಇದರ ಅಗತ್ಯವೇ ಇಲ್ಲ. ಸಿಇಟಿಯಲ್ಲಿ, ಅಂದರೆ ಪಿಯು ಆದ ಮೇಲೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ, ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಮೊದಲನೆಯದಕ್ಕೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಎರಡನೆಯದಕ್ಕೆ ಹತ್ತೂ ವರ್ಷ ಕನ್ನಡ ಮಾಧ್ಯಮ. ನಡುವೆ ಒಂದು ವರ್ಷ ಮನೆಯಲ್ಲಿ ಕೂತರೆ ಆ ಹತ್ತರ ಸರಪಳಿ ಕಡಿಯಿತು. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದವರದು ಆಗಲೇ ಕಡಿದಿರುತ್ತದೆ, ಅವರು ಚಿಂತೆ ಮಾಡಬೇಕಿಲ್ಲ. ಆದರೆ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲೇ ಓದುತ್ತಿರುವ ಮಗುವನ್ನು ಬಿಡಿಸುವವರು ಎರಡು ಸಲ ಯೋಚಿಸಿ.

ಇನ್ನೊಂದು ಏಳು ವರ್ಷದ ನಿಯಮ. ಸಿಇಟಿಯಲ್ಲಿ ರಾಜ್ಯದ ಅಭ್ಯರ್ಥಿ ಎನಿಸಿಕೊಳ್ಳಲು ಹೆಚ್ಚಿನವರು ಬಳಸುವ ಕಲಮಿನ ಪ್ರಕಾರ ಒಂದರಿಂದ ಹನ್ನೆರಡರ ನಡುವೆ ಕಡಿಮೆಯೆಂದರೆ ಏಳು ವರ್ಷ ಕರ್ನಾಟಕದ ಮಾನ್ಯತೆ ಇರುವ ಶಾಲೆ ಕಾಲೇಜಿನಲ್ಲಿ ಓದಿರಬೇಕು. ಒಂದೆರಡು ವರ್ಷ ಮನೆಯಲ್ಲಿದ್ದರೆ ಇದಕ್ಕೆ ಪೆಟ್ಟಿಲ್ಲ. ಆರು ವರ್ಷ ಇಟ್ಟುಕೊಂಡರೆ ಇದೆ.

ಹೆಸರು ಶಾಲೆಯಲ್ಲಿ, ಮಗು ಮನೆಯಲ್ಲಿ

ಮೀಸಲಾತಿಯ ಲೆಕ್ಕ ಕೇಳಿದ ಕೂಡಲೇ ಕೆಲವರು ಈ ಉಪಾಯ ಹೇಳುತ್ತಾರೆ. ಪರಿಚಯದ ಶಾಲೆಯಲ್ಲಿ ಹೆಸರು ಇಟ್ಟು ಮಗುವನ್ನು ಕಳಿಸದೇ ಇರುವುದು. ನಮಗೂ ಒಬ್ಬರು ಹೇಳಿದ್ದರು. ಹಾಜರಿ ಹಾಕುವ ಅಕ್ಕೋರ ನೌಕರಿಗೆ ಅದು ಕುತ್ತು. ಬಿಸಿಯೂಟದ ಲೆಕ್ಕದಲ್ಲೂ ಸುಳ್ಳು ಬರೆಯಬೇಕಾಗುತ್ತದೆ. ಮಗುವಿಗೂ ಯಾರಾದರೂ ಕೇಳಿದರೆ ಹೀಗೆ ಹೇಳು ಅಂತ ಕಲಿಸಬೇಕು. ಬೇಡ.

ಟಿಸಿ ತರುವ ದಿನ

ಯಾವ ದಾರಿ ಹಿಡಿದರೂ ಶಾಲೆ ಬಿಡಿಸುವ ದಿನ ಈ ಕೆಲಸ ಇದ್ದೇ ಇದೆ. ಅರ್ಜಿಯನ್ನು ಎರಡು ಪ್ರತಿ ಬರೆದು ಒಂದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ. ನಮಗೆ ಟಿಸಿ ಕೊಡಲು ಆ ಶಾಲೆಯವರು ಒಂದು ತಿಂಗಳು ಅಲೆದಾಡಿಸಿದರು. ವರ್ಷದ ಪೂರ್ತಿ ಫೀ ಕಟ್ಟಿ ಅಂದರು. ನಾವು ಸೀಲಿಲ್ಲದ ಅರ್ಜಿ ಕೊಟ್ಟಿದ್ದೆವು, ಕೊಟ್ಟೇ ಇಲ್ಲ ಅಂದುಬಿಟ್ಟರು. ಎರಡನೇ ಸಲ ಬರೆದು ಸೀಲು ಹಾಕಿಸಿ, ಅದರ ಪ್ರತಿಯನ್ನು ಬಿಇಒ ಆಫೀಸಿಗೆ ಕೊಟ್ಟ ಮೇಲೆ ನಾಲ್ಕೇ ದಿನಕ್ಕೆ ಟಿಸಿ ಬಂತು. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಇವೆ. ಮೇಲಿನವರಿಗೆ ದೂರು ಬರೆಯುವುದಾದರೆ ಘಟ್ಟದ ಮೇಲಿನವರು ಶಿರಸಿ ಡಿಡಿಪಿಐಗೆ (ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ) ಬರೆಯಬೇಕು. ಕಾರವಾರಕ್ಕೆ ಹೋಗಿ ಬಂದು ಒಂದು ದಿನ ಕಳೆಯಬೇಡಿ, ನಮ್ಮ ಹಾಗೆ.

ಟಿಸಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಮಗುವಿನ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ, ಹುಟ್ಟಿದ ತಾರೀಖು ಸರಿ ಇದೆಯಾ, ಸ್ಯಾಟ್ಸ್ ನಂಬರ್ ಇದೆಯಾ, ಯಾವ ತರಗತಿಯಲ್ಲಿ ಓದುತ್ತಿದ್ದಾಗ ಬಿಟ್ಟದ್ದು ಎಂದು ಬರೆದಿದ್ದಾರಾ. ಮೊದಲ ಅವಧಿಯ ಅಂಕಪಟ್ಟಿಯನ್ನೂ ಕೇಳಿ ತೆಗೆದುಕೊಳ್ಳಿ. ನಮ್ಮ ಟಿಸಿಯಲ್ಲಿ ಮಗನ ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಜೂನ್‌ನಲ್ಲಿ ಊರ ಶಾಲೆಯ ಅಕ್ಕೋರು ಕಂಡುಹಿಡಿದರು. ಅದನ್ನು ತಿದ್ದಿಸಲು ಮತ್ತೆ ಅದೇ ಶಾಲೆಯ ಗೇಟಿಗೆ ಹೋಗಿ ನಿಲ್ಲಬೇಕಾಯಿತು.